ಬಾಗಿಲಿಗೆ ಬೆನ್ನು ಕೊಟ್ಟು ಕೂತವರು

ಅವರ ಬಲಗೈಯ ನಡುಬೆರಳಿಗೆ ಸದಾ ಒಂದು ಹಿತ್ತಾಳೆಯ ಟೋಪಿ ಇರುತ್ತಿತ್ತು, ಸೂಜಿ ಚುಚ್ಚದಿರಲೆಂದು ಹೊಲಿಗೆಯವರು ಹಾಕಿಕೊಳ್ಳುವಂಥದ್ದು. ಸವೆದು ಸವೆದು ಅದರ ಮೇಲಿನ ಚುಕ್ಕೆಗಳೆಲ್ಲ ಅಳಿಸಿಹೋಗಿದ್ದವು. ಅಳತೆ ತೆಗೆಯುವಾಗ ಟೇಪಿನ ತುದಿಯನ್ನು ನನ್ನ ಕತ್ತಿನ ಹಿಂದೆ ಎದ್ದು ನಿಂತ ಮೂಳೆಯ ಮೇಲಿಟ್ಟು, ಆ ಬೆರಳಿನಿಂದಲೇ ಒತ್ತಿ ಹಿಡಿಯುತ್ತಿದ್ದರು. ಚೆನ್ನೈನ ಮೇ ತಿಂಗಳಲ್ಲಿ, ನಲ್ಲಿಯ ನೀರೂ ಕೈ ಸುಡುವ ಕಾಲದಲ್ಲಿ, ಆ ಹಿತ್ತಾಳೆ ಮಾತ್ರ ತಣ್ಣಗಿರುತ್ತಿತ್ತು. ಅದು ಹೇಗೆ ಎಂದು ಒಮ್ಮೆ ಕೇಳಿದ್ದೆ. "ನಿನ್ನ ಬೆನ್ನು ಬಿಸಿ ಐತಿ ತಂಗಿ, ಅದಕ್ಕ ಇದು ತಣ್ಣಗ ಅನಸತೈತಿ" ಎಂದಿದ್ದರು. ಉತ್ತರದಲ್ಲಿ ತಪ್ಪೇನಿಲ್ಲ. ಆದರೂ ಒಂಬತ್ತು ವರ್ಷ, ಪ್ರತಿ ಸಲವೂ, ಆ ಟೋಪಿ ತಾಗಿದೊಡನೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅವರು ನನ್ನ ರವಿಕೆ ಹೊಲಿಯುತ್ತಿದ್ದ ಟೈಲರಕ್ಕ. ಕ್ರೋಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಮೂರು ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆಯ ಅಂಗಡಿ. ಬೋರ್ಡು ಇರಲಿಲ್ಲ. ಗದಗಿನ ಕಡೆಯವರು, ರೈಲ್ವೆ ಕೆಲಸದಲ್ಲಿದ್ದ ಗಂಡನ ಜೊತೆ ಬಂದವರು, ಗಂಡ ಹೋದ ಮೇಲೂ ಇಲ್ಲೇ ಉಳಿದುಬಿಟ್ಟವರು. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು. ಆ ಸೆರಗು ಬೆನ್ನ ಪೂರ್ತಿ ಇಳಿಬಿದ್ದು ಸ್ಟೂಲಿನವರೆಗೂ ಬರುತ್ತಿತ್ತು. ಅಷ್ಟು ವರ್ಷ ತಮಿಳರ ನಡುವೆ ಇದ್ದರೂ ಅವರ ಕನ್ನಡದಲ್ಲಿ ಗದಗು ಗದಗಾಗಿಯೇ ಇತ್ತು. ನಡುನಡುವೆ ಒಂದು "ಪೋದುಂ", ಒಂದು "ಸರಿ ಮಾ" ಬಂದು ಕೂರುತ್ತಿತ್ತು, ಅಷ್ಟೆ.

ಆ ಅಂಗಡಿಯಲ್ಲಿ ಎರಡು ವಿಚಿತ್ರಗಳಿದ್ದವು. ಒಂದು, ಕನ್ನಡಿ ಇರಲಿಲ್ಲ. ಹೆಂಗಸರ ಟೈಲರ್ ಅಂಗಡಿಯಲ್ಲಿ ಕನ್ನಡಿ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಕೇಳಿದರೆ, "ಕನ್ನಡ್ಯಾಗ ಕಾಣೂದು ಮುಂದಿಂದು. ನಾ ನೋಡೂದು ಹಿಂದಿಂದು" ಎನ್ನುತ್ತಿದ್ದರು. ಇನ್ನೊಂದು, ಅವರು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಿಷನ್ನು ಒಳಗೋಡೆಗೆ ಆತುಕೊಂಡಿತ್ತು. ನಾವು ಹೋದರೆ ತಿರುಗಿ ನೋಡುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿಯೇ ಬಂದವರು ಯಾರೆಂದು ಹೇಳುತ್ತಿದ್ದರು. ಅಳತೆಗೆ ಬಂದವಳು ಅವರ ಸ್ಟೂಲಿನ ಪಕ್ಕ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ಅವರು ಕೂತಲ್ಲಿಂದಲೇ ಕೈಯೆತ್ತಿ ಟೇಪು ಹಿಡಿಯುತ್ತಿದ್ದರು. ಹಾಗಾಗಿ ಅವರ ಮುಖವನ್ನು ನೆಟ್ಟಗೆ ನೋಡಿದ ಗಿರಾಕಿಗಳು ಕಡಿಮೆ.

ಮೊದಲ ಸಲ ಹೋದಾಗ ಎಲ್ಲರಂತೆ ನಾನೂ ಒಂದು ಅಳತೆ ರವಿಕೆ ಹಿಡಿದು ಹೋಗಿದ್ದೆ. ಮದುವೆಗೆಂದು ಮೈಸೂರಿನಲ್ಲಿ ಹೊಲಿಸಿದ್ದ, ಗಿಣಿ ಹಸಿರು ಬಣ್ಣದ, ನನಗೆ ಹೇಳಿ ಮಾಡಿಸಿದಂತಿದ್ದ ರವಿಕೆ. ಹಳೆಯ ರವಿಕೆ ಕೊಟ್ಟು "ಇದೇ ಅಳತೆಗೆ ಹೊಲೀರಿ" ಅನ್ನುವುದು ನಮ್ಮ ಹೆಂಗಸರಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ; ಮೈ ಎಷ್ಟೇ ಬದಲಾಗಲಿ, ಅಳತೆ ರವಿಕೆ ಬದಲಾಗುವುದಿಲ್ಲ. ಅವರು ಅದನ್ನು ಕೈಯಲ್ಲಿ ಹಿಡಿದು ಬೆನ್ನಿನ ಭಾಗವನ್ನು ಒಮ್ಮೆ ಸವರಿದರು.

"ಈ ಜಂಪರ್ ಚಲೋ ಐತಿ. ಆದ್ರ ಇದು ಹ್ವಾದ ವರ್ಷದ ನೀನು. ಈ ವರ್ಷದಾಕಿ ಎಲ್ಲಿ?" ಎಂದರು. ರವಿಕೆಗೆ ಅವರು ಜಂಪರ್ ಅನ್ನುತ್ತಿದ್ದರು.

"ಇಲ್ಲೇ ಇದೀನಲ್ಲಕ್ಕಾ" ಎಂದೆ.

"ಹಂಗಾರ ತಿರುಗಿ ನಿಂದ್ರು."

ಅಳತೆ ಮುಗಿಸಿ, ನಾನು ತಂದ ರವಿಕೆಯನ್ನು ವಾಪಸು ಕೊಡಲಿಲ್ಲ. ತಲೆಯ ಮೇಲೆ, ಗೋಡೆಯಿಂದ ಗೋಡೆಗೆ ಕಟ್ಟಿದ್ದ ಒಂದು ಹಗ್ಗ ತೋರಿಸಿದರು. ಅದರ ಮೇಲೆ ಸಾಲಾಗಿ ರವಿಕೆಗಳು ನೇತಾಡುತ್ತಿದ್ದವು, ಇಪ್ಪತ್ತೋ ಮೂವತ್ತೋ. ಎಲ್ಲವೂ ಗಿರಾಕಿಗಳು ತಂದ ಅಳತೆ ರವಿಕೆಗಳು. ಎಲ್ಲದರ ಬೆನ್ನೂ ನಮ್ಮ ಕಡೆಗಿತ್ತು. "ಅಲ್ಲಿ ಹಾಕು. ಮುಂದ ಬೇಕನಿಸಿದ್ರ ನೀನ ಬಂದು ತಗೊಂಡು ಹೋಗು. ನಾ ಯಾರದನ್ನೂ ಇಳಿಸಂಗಿಲ್ಲ" ಎಂದರು. ಹಾಕಿದೆ. ಅಷ್ಟರಲ್ಲಿ ಬೀಚ್ ಕಡೆಯ ಲೋಕಲ್ ರೈಲು ಹೋಯಿತು. ಕೋಣೆ ಅದುರಿ, ಅಷ್ಟೂ ರವಿಕೆಗಳು ಒಟ್ಟಿಗೆ ಭುಜ ಕುಣಿಸಿದವು. ಯಾರೋ ಗುಂಪಾಗಿ ನಮಗೆ ಬೆನ್ನು ಹಾಕಿ ನಿಂತು ಸದ್ದಿಲ್ಲದೆ ನಗುತ್ತಿದ್ದಾರೆ ಅನಿಸಿತು.

"ಇವರೆಲ್ಲ ಯಾರಕ್ಕಾ?" ಎಂದೆ.

"ಕೆಲವರು ಊರು ಬಿಟ್ರು, ಕೆಲವರು ಹ್ವಾದ್ರು. ಬರ್ತಾರ, ಬಂದಾಗ ಬರ್ತಾರ" ಎಂದು ದಾರ ಪೋಣಿಸಿಕೊಂಡರು. ಹೋದವರು ಹೇಗೆ ಬರುತ್ತಾರೆಂದು ನಾನು ಕೇಳಲಿಲ್ಲ. ಹೊಸ ಊರಿನಲ್ಲಿ ಕನ್ನಡ ಮಾತಾಡುವ ಟೈಲರ್ ಸಿಕ್ಕಿದ್ದೇ ನನಗೆ ದೊಡ್ಡದಾಗಿತ್ತು.

ಬೆನ್ನುನೋವು ಶುರುವಾದದ್ದು ನಾನು ಈ ಊರಿಗೆ ಬಂದ ಮೂರನೆಯ ವರ್ಷ. ಪಾರ್ಕ್ ಸ್ಟೇಷನ್ನಿನ ಹತ್ತಿರ ನನ್ನ ಇನ್ಶೂರೆನ್ಸ್ ಆಫೀಸು. ಕ್ಲೇಮು ವಿಭಾಗಕ್ಕೆ ಹಾಕಿದರು. ದಿನವಿಡೀ ಕೂತು, ಊರವರ ಆಪರೇಷನ್ನಿನ ಫೈಲುಗಳನ್ನು ಓದಿ ಸೀಲು ಹೊಡೆಯುವ ಕೆಲಸ. ಮೊದಲು ಸೊಂಟದಲ್ಲಿ ಒಂದು ಹಿಡಿತ. ಆಮೇಲೆ ಅದು ಎಡಗಡೆಯ ಪಿರ್ರೆಯಿಂದ ಮೀನಖಂಡದವರೆಗೆ ಕಾಯಿಸಿದ ತಂತಿಯಂತೆ ಇಳಿಯತೊಡಗಿತು. ಸೀನಿದರೆ ಕಣ್ಣಲ್ಲಿ ನೀರು. ರೈಲಿನಲ್ಲಿ ಯಾರಾದರೂ ಪುಣ್ಯಾತ್ಗಿತ್ತಿ ಎದ್ದು ಸೀಟು ಬಿಟ್ಟುಕೊಟ್ಟರೆ, ಕೂತರೆ ನೋವು ಜಾಸ್ತಿ ಎಂದು ತಮಿಳಿನಲ್ಲಿ ವಿವರಿಸುವಷ್ಟರಲ್ಲಿ ನನ್ನ ಸ್ಟೇಷನ್ ಬಂದುಬಿಡುತ್ತಿತ್ತು. ಮಾಡದ ಉಪಾಯವಿಲ್ಲ. ಮುಲಾಮು, ಪಟ್ಟಿ, ಎಣ್ಣೆ ಧಾರೆ, ಕೋಯಂಬೇಡಿನ ಕಡೆ ಯಾರೋ ನರ ಹಿಡಿದು ಬಿಡುತ್ತಾರೆಂದು ಹೇಳಿದ್ದಕ್ಕೆ ಅಲ್ಲಿಗೂ ಹೋಗಿ ಮೂರು ದಿನ ಹಾಸಿಗೆ ಹಿಡಿದದ್ದು. ವಾರ ನೆಟ್ಟಗಿದ್ದರೆ ಮರುವಾರ ಮತ್ತೆ ಅದೇ ಕಥೆ.

ಕಡೆಗೆ ಒಂದು ದೊಡ್ಡ ಆಸ್ಪತ್ರೆಯ ಸರ್ಜನ್ನರ ಹತ್ತಿರ ಹೋದೆವು. ಅವರು ಸ್ಕ್ಯಾನು ದೀಪಕ್ಕೆ ಹಿಡಿದು, ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ನರ ಒತ್ತುತ್ತಿದೆ, ತಿರುಪು ಹಾಕಿ ಸರಳು ಕೂರಿಸಬಹುದು ಎಂದರು. "ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗ್ತಿದೆಯೋ, ನಿಂತಲ್ಲೇ ನಿಂತಿದೆಯೋ? ಅದು ಗೊತ್ತಾದರೆ ತೀರ್ಮಾನ ಸುಲಭ" ಎಂದೂ ಕೇಳಿದರು. ನನಗೆ ಗೊತ್ತಿರಲಿಲ್ಲ. ನೋವನ್ನು ಹೋದ ವರ್ಷದ ನೋವಿನ ಪಕ್ಕ ಇಟ್ಟು ನೋಡುವುದು ಹೇಗೆ? ಬ್ಯಾಂಕಿನಲ್ಲಿರುವ ನನ್ನ ಗಂಡ, "ಮಾಡಿಸಿಬಿಡು, ದಿನಾ ಸಾಯೋದಕ್ಕಿಂತ ವಾಸಿ" ಎಂದರು. ಬೇರೆಯವರ ಆಪರೇಷನ್ ಫೈಲುಗಳಲ್ಲಿ ಸರಿಹೋದವರೂ ಇದ್ದರು, ಎರಡನೆಯ ಸಲ ಮಲಗಿದವರೂ ಇದ್ದರು. ನಿಜ ಹೇಳುತ್ತೇನೆ, ಮಾಡಿಸಿದರೆ ಕಾಲು ಹೋದೀತೆಂಬ ಭಯ ಒಂದು ಕಡೆ, ಮಾಡಿಸದಿದ್ದರೂ ಹೋದೀತೆಂಬ ಭಯ ಇನ್ನೊಂದು ಕಡೆ.

ಇದೆಲ್ಲದರ ನಡುವೆ ಹಬ್ಬಕ್ಕೊಮ್ಮೆ ಟೈಲರಕ್ಕನ ಹತ್ತಿರ ಹೋಗುವುದು ನಿಂತಿರಲಿಲ್ಲ. ರಜೆ ಇರುವ ಶನಿವಾರ ಮಧ್ಯಾಹ್ನವೇ ನನಗೆ ಬಿಡುವು. ಗಲ್ಲಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಒಂದು ಶನಿವಾರ ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ರೈಲು ಬಂದು ಎಷ್ಟೋ ಹೊತ್ತಾಗಿತ್ತು. ಅಕ್ಕ ಅಳತೆ ತೆಗೆಯುತ್ತಿದ್ದರು, ನಾನು ಅವರಿಗೆ ಬೆನ್ನು ಹಾಕಿ ನಿಂತಿದ್ದೆ. ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ಆಮೇಲೆ ಏನನ್ನೋ ಎಳೆದ ಸದ್ದು. ಮತ್ತೊಂದು ಹೆಜ್ಜೆ, ಮತ್ತೆ ಎಳೆದ ಸದ್ದು. ಮೂರನೆಯದಕ್ಕೆ ನಿಂತಿತು. ನಾನು ಬಾಗಿಲ ಕಡೆಗೇ ಮುಖ ಮಾಡಿದ್ದೆ. ಬಾಗಿಲು ತೆರೆದಿತ್ತು, ಬಿಸಿಲು ಒಳಗೆ ಚೌಕಾಕಾರ ಬಿದ್ದಿತ್ತು, ಅಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಒಂದೇ ಒಂದು ರವಿಕೆ, ಬೂದು ಬಣ್ಣದ್ದು, ಮೆಲ್ಲಗೆ ತೂಗುತ್ತಿತ್ತು.

"ವಾಂಗ ಟೀಚರ್" ಎಂದರು ಅಕ್ಕ ತಿರುಗದೆ. ಬನ್ನಿ ಎಂದು ಕರೆದ ಹಾಗೆ, ಅಷ್ಟು ಸಹಜವಾಗಿ.

ನಾನು ಖಾಲಿ ಬಾಗಿಲನ್ನು ಮತ್ತೊಮ್ಮೆ ನೋಡಿದೆ. "ಯಾರಕ್ಕಾ?" ಎಂದೆ.

"ನಮ್ಮ ಗಲ್ಲಿ ಸಾಲಿ ಟೀಚರ್. ಭಾಳ ವರ್ಷ ಆತು ಹೋಗಿ. ನೀ ನೆಟ್ಟಗ ನಿಂದ್ರು, ಅಳತಿ ತಪ್ಪತೈತಿ."

ಇಲಿ ಇರಬೇಕು, ಮಹಡಿಯಲ್ಲಿ ಯಾರೋ ಕುರ್ಚಿ ಎಳೆದಿರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ನಾನು ದೆವ್ವಗಿವ್ವ ನಂಬುವವಳಲ್ಲ. ಹೊಲಿದಾದ ಹೊಸ ರವಿಕೆಯನ್ನು ಮಾತ್ರ ಗಂಡನನ್ನು ಕಳಿಸಿ ತರಿಸಿಕೊಂಡೆ.

ಏಳನೆಯ ವರ್ಷ ಗಂಡನ ಕಡೆಯ ಒಂದು ಮದುವೆಗೆ ಅವಸರವಾಗಿ ರವಿಕೆ ಬೇಕಾಯಿತು. ಅಕ್ಕನಿಗೆ ಜ್ವರ. ಬೆಸೆಂಟ್ ನಗರದಲ್ಲಿ ಎರಡೇ ದಿನಕ್ಕೆ ಹೊಲಿದುಕೊಡುತ್ತಾರೆಂದು ಯಾರೋ ಹೇಳಿದರು. ದೊಡ್ಡ ಅಂಗಡಿ, ಎ.ಸಿ., ಮೂರು ಕಡೆಯೂ ಕನ್ನಡಿಯಿರುವ ಕೋಣೆ. ಹಾಕಿ ನೋಡಿದರೆ ರವಿಕೆ ಎಡಭುಜದಿಂದ ಜಾರುತ್ತಿದೆ, ಬೆನ್ನಲ್ಲಿ ಓರೆಯಾಗಿ ನೆರಿಗೆ ಬಿದ್ದಿದೆ. ಹೊಲಿಗೆ ಸರಿಯಿಲ್ಲ ಎಂದು ಜಗಳಕ್ಕೆ ನಿಂತೆ. ಅಂಗಡಿಯ ಹುಡುಗಿ ಮೆತ್ತಗೆ, "ಮೇಡಂ, ಬ್ಲೌಸ್ ಸರಿಯಾಗಿದೆ" ಎಂದು ಕನ್ನಡಿ ತೋರಿಸಿದಳು. ಆಗ ನಾನು ಮೊದಲ ಸಲ ನನ್ನ ಬೆನ್ನು ನೋಡಿದೆ. ಒಂದು ಭುಜ ಕೆಳಗೆ, ಒಂದು ಮೇಲೆ. ಸೊಂಟ ಒಂದು ಕಡೆಗೆ ಸರಿದು ನಿಂತಿತ್ತು. ಅದು ಯಾರದೋ ಬೆನ್ನು, ನನ್ನ ತಲೆಯನ್ನು ತಂದು ಅದರ ಮೇಲೆ ಕೂರಿಸಿದ್ದಾರೆ ಅನಿಸಿತು. "ಅಮ್ಮಾ, ನೇರಾ ನಿಲ್ಲುಮ್ಮಾ" ಎಂದು ನನ್ನ ಮಗಳು ತಮಿಳಿನಲ್ಲಿ ಎಷ್ಟೋ ತಿಂಗಳಿಂದ ಹೇಳುತ್ತಿದ್ದುದು ಜಗಳಗಂಟಿತನವಲ್ಲವೆಂದು ಆಗ ತಿಳಿಯಿತು.

ನೆಟ್ಟಗೆ ಕ್ರೋಂಪೇಟೆಗೆ ಹೋದೆ. ಮೆಟ್ಟಿಲು ಹತ್ತುವ ಮೊದಲೇ, "ಸಿಟ್ಟಿನಾಗ ಬಂದಿ" ಎಂದರು ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಅಕ್ಕಾ, ನನ್ನ ಬೆನ್ನು ಡೊಂಕಾಗಿದೆ ಅಂತ ನಿಮಗೆ ಗೊತ್ತಿತ್ತಾ?"

ಮಿಷನ್ನಿನ ಗಾಲಿ ನಿಂತಿತು. "ಗೊತ್ತಿತ್ತು. ನಾಲ್ಕು ವರ್ಷ ಆತು. ಎಡಕ್ಕ ಕಾಲಿಂಚು ಇಳಿಸಿ ಕತ್ತರಸತಿದ್ದೆ. ಆಮ್ಯಾಲೆ ಅರ್ಧ. ಭುಜಕ್ಕ ಒಳಗ ಒಂದು ಮೆತ್ತಿ ಇಟ್ಟೆ. ಯಾರಿಗೂ ಕಾಣಬಾರದು ಅಂತ."

"ನನಗೂ ಕಾಣಲಿಲ್ಲವಲ್ಲಕ್ಕಾ!"

ಅವರು ಸೂಜಿಯಿಂದ ದಾರ ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. ಆ ಟೀಚರಿನ ಬೆನ್ನೂ ಹೀಗೆಯೇ ಇತ್ತಂತೆ. ಮಕ್ಕಳ ಮುಂದೆ ಬೋರ್ಡಿಗೆ ತಿರುಗಿ ಬರೆಯಬೇಕು, ಹಿಂದಿನಿಂದ ನಕ್ಕಾರೆಂದು ಆಕೆಗೆ ಭಯ. ಅಕ್ಕ ಮುಚ್ಚಿ ಮುಚ್ಚಿ ಹೊಲಿದುಕೊಟ್ಟರು. ಒಂದು ದಿನ ಆಕೆ ಕಾಲು ಎಳೆಯುತ್ತಾ ಬಂದರು. ಅಕ್ಕ ಅದನ್ನೂ ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಿಂಗಳುಗಳು ಕಳೆದು, ಕಾಲು ತಿರುಗಿ ಬರಲಿಲ್ಲ. "ಅವತ್ತಿಂದ ನಾ ಒಂದು ಮಾತು ಇಟ್ಕೊಂಡೀನಿ. ಬೆನ್ನು ಡೊಂಕಾದ್ರ ಮುಚ್ಚತೀನಿ. ಕಾಲು ಎಳದ್ರ ಹೇಳತೀನಿ. ಅದಕ್ಕ ಹೆಜ್ಜಿ ಕೇಳಕೊಂತ ಕುಂತಿರತೀನಿ. ಆದ್ರ ಮುಚ್ಚಿದ್ದೂ ತಪ್ಪ ಅನಸತೈತಿ ಈಗ" ಎಂದರು.

ನನ್ನ ಸಿಟ್ಟು ಇಳಿದಿರಲಿಲ್ಲ. ಅವರು ಮಿಷನ್ನಿನ ಡ್ರಾಯರಿನಿಂದ ರಟ್ಟಿನ ಪುಸ್ತಕವೊಂದನ್ನು ತೆಗೆದು ಹಿಂದಕ್ಕೆ ಚಾಚಿದರು. ಅದರಲ್ಲಿ ಹೆಸರುಗಳಿರಲಿಲ್ಲ. ಒಂದೊಂದು ಹಾಳೆಯ ಮೂಲೆಗೆ ಒಂದೊಂದು ಬಣ್ಣದ ದಾರದ ಗಂಟು ಹೊಲಿದಿತ್ತು. ನನ್ನದು ಗಿಣಿ ಹಸಿರು. ಪ್ರತಿ ಯುಗಾದಿ, ಪ್ರತಿ ದೀಪಾವಳಿ, ಎಡಬೆನ್ನಿನ ಉದ್ದ, ಬಲಬೆನ್ನಿನ ಉದ್ದ, ಗುಂಡಗಿನ ಕನ್ನಡ ಅಂಕಿಗಳಲ್ಲಿ. ಮೊದಲೆರಡು ವರ್ಷ ಎರಡೂ ಒಂದೇ. ಆಮೇಲೆ ಕಾಲಿಂಚು, ಅರ್ಧ, ಮುಕ್ಕಾಲು. ಕಡೆಯ ಎರಡು ವರ್ಷ ಮುಕ್ಕಾಲು ಇಂಚಿನಲ್ಲೇ ನಿಂತಿತ್ತು. ಸರ್ಜನ್ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ದಿನ ಈ ಡ್ರಾಯರಿನಲ್ಲಿತ್ತು.

"ಡಾಕ್ಟರಿಗೆ ತೋರಸು. ನಕ್ರ ನಗಲಿ" ಎಂದರು.

ಎರಡನೆಯ ಅಭಿಪ್ರಾಯಕ್ಕೆಂದು ಹೋದ ವಯಸ್ಸಾದ ಡಾಕ್ಟರಮ್ಮ ನಗಲಿಲ್ಲ. ಪುಸ್ತಕವನ್ನು ಎಕ್ಸರೇ ನೋಡುವಷ್ಟೇ ಗಮನದಿಂದ ನೋಡಿ, ನನ್ನ ಪಾದವನ್ನು ತಮ್ಮ ಕೈಗೆ ಒತ್ತಿಸಿ, ಹೆಬ್ಬೆರಳು ಎತ್ತಿಸಿ ಪರೀಕ್ಷೆ ಮಾಡಿದರು. "ಇದು ಬೆಳೆಯುತ್ತಿಲ್ಲ. ಕಾಲಿನ ಬಲ ಚೆನ್ನಾಗಿದೆ. ಈಗಲೇ ಕುಯ್ಯುವ ಅವಸರವಿಲ್ಲ, ವ್ಯಾಯಾಮ ಮಾಡಿ ಕಾಯೋಣ" ಎಂದರು. ಹೊರಡುವಾಗ ಎಚ್ಚರಿಕೆಯನ್ನೂ ಹೇಳಿದರು: ಪಾದ ಸೋತರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಅದೇ ದಿನ ಬರಬೇಕು. "ಅಳತೆ ತೆಗೆಯುವವರನ್ನು ಬಿಡಬೇಡಿ" ಎಂದೂ ಸೇರಿಸಿದರು.

ಹಾಗೆ ನನ್ನ ಚಿಕಿತ್ಸೆಯಲ್ಲಿ ಟೈಲರಕ್ಕನೂ ಸೇರಿಕೊಂಡರು. ಬೆಳಿಗ್ಗೆ ಚಾಪೆಯ ಮೇಲೆ ವ್ಯಾಯಾಮ, ತಿಂಗಳಿಗೊಂದು ಶನಿವಾರ ಅಳತೆ. ಮುಕ್ಕಾಲು ಹೋಗಿ ಅರ್ಧಕ್ಕೆ ಬಂತು. ನೋವು ಹೋಗಲಿಲ್ಲ, ಆದರೆ ಅದರ ಜೊತೆ ಬಾಳ್ವೆ ಮಾಡಲು ಬಂತು. ಆ ತಿಂಗಳುಗಳಲ್ಲಿ ಒಮ್ಮೆ ತಮಾಷೆಗೆ, "ಊರಿಗೆಲ್ಲ ನೀವು ಅಳತೆ ತೆಗೀತೀರಿ, ನಿಮ್ಮ ಬೆನ್ನಿನ ಅಳತೆ ಯಾರು ತೆಗೀತಾರೆ?" ಎಂದು ಕೇಳಿದೆ.

"ಟೀಚರ್ ಬರ್ತಾರಲ್ಲ, ಮಧ್ಯಾಹ್ನ" ಎಂದರು. ನಕ್ಕರೋ ಇಲ್ಲವೋ, ನನಗೆ ಮುಖ ಕಾಣುತ್ತಿರಲಿಲ್ಲ. ಹಗ್ಗದ ಮೇಲೆ ನನ್ನ ಗಿಣಿ ಹಸಿರು ರವಿಕೆ ಆ ಬೂದು ರವಿಕೆಯ ಪಕ್ಕದಲ್ಲೇ ಇತ್ತು. ಮದುವೆಯ ಹೊಸತರ ನೆಟ್ಟನೆಯ ನಾನು ಸತ್ತವರ ಸಾಲಿನಲ್ಲಿ ನಿಂತಿರುವುದನ್ನು ನೋಡಲಾಗದೆ ಅವತ್ತು ಬೇಗ ಎದ್ದು ಬಂದೆ. ಅದನ್ನು ಇಳಿಸಿಕೊಂಡು ಬರಬಹುದಿತ್ತು. ಮುಟ್ಟಲು ಧೈರ್ಯ ಸಾಲಲಿಲ್ಲ.

ಒಂಬತ್ತನೆಯ ವರ್ಷದ ಒಂದು ಬುಧವಾರ ಬೆಳಿಗ್ಗೆ ಎದ್ದರೆ ಕಾಲಿನ ನೋವು ಇಲ್ಲ. ಉರಿಯಿಲ್ಲ, ಸೆಳೆತವಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ. ನಾನು ಕುಣಿದಾಡುವುದೊಂದು ಬಾಕಿ. ವ್ಯಾಯಾಮ ಗೆದ್ದಿತು, ಆಪರೇಷನ್ ತಪ್ಪಿತು ಎಂದು ಗಂಡನಿಗೆ ಹೇಳಿ ಪಾಯಸ ಮಾಡಿದೆ. ಶನಿವಾರ ಮಧ್ಯಾಹ್ನ ಈ ಸಂತೋಷದ ಸುದ್ದಿ ಹೇಳಲೆಂದೇ ಅಕ್ಕನ ಅಂಗಡಿಗೆ ಹೊರಟೆ. ದಾರಿಯಲ್ಲಿ ಎಡಗಾಲಿನ ಚಪ್ಪಲಿ ಎರಡು ಸಲ ಕಳಚಿಕೊಂಡಿತು. ಚಪ್ಪಲಿ ಹಳೆಯದಾಯಿತು ಅಂದುಕೊಂಡೆ.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. "ವಾಂಗ ಟೀಚರ್" ಎಂದರು ಅಕ್ಕ.

"ನಾನು ಅಕ್ಕಾ" ಎಂದೆ.

ಆಗ ಅವರು ಸ್ಟೂಲಿನ ಮೇಲೆಯೇ ಪೂರ್ತಿ ತಿರುಗಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಗಿಲಿನ ಬೆಳಕಿನಲ್ಲಿ ಅವರ ಮುಖ ನೋಡಿದೆ. ವಿಭೂತಿಯ ಕೆಳಗೆ ಕಣ್ಣುಗಳು ಅಗಲವಾಗಿದ್ದವು, ತುಟಿ ಬಿಳಿಚಿಕೊಂಡಿತ್ತು. ಅವರು ಹೆದರಿದ್ದರು.

"ಇಳದು ಮತ್ತೊಮ್ಮಿ ನಡಿ."

"ಅಕ್ಕಾ, ನೋವೇ ಇಲ್ಲ ಈಗ, ಅದನ್ನ ಹೇಳೋಣ ಅಂತಾನೇ—"

"ಚಪ್ಪಲಿ ಬಿಟ್ಟು ನಡಿ ಅಂದೆ."

ನಡೆದೆ. ಬರಿಗಾಲಿನಲ್ಲಿ ನನಗೂ ಕೇಳಿಸಿತು. ಬಲಗಾಲು ಹೆಜ್ಜೆ ಇಡುತ್ತಿತ್ತು. ಎಡಗಾಲಿನ ಪಾದ ಮೇಲೇಳದೆ, ಸಿಮೆಂಟಿನ ಮೇಲೆ ಸರ್ರನೆ ಎಳೆದು ಪಟ್ಟೆಂದು ಬೀಳುತ್ತಿತ್ತು. ಅವತ್ತು ಆ ಖಾಲಿ ಬಾಗಿಲಲ್ಲಿ ಕೇಳಿದ್ದ ಅದೇ ಸದ್ದು.

"ಆಕೀನ ಬಂದ್ಲು ಅಂದ್ಕೊಂಡೆ" ಎಂದರು. "ಇವತ್ತ ಹೋಗು ತಂಗಿ. ಮನೀಗೂ ಹೋಗಬ್ಯಾಡ, ಇಲ್ಲಿಂದ ನೆಟ್ಟಗ ದವಾಖಾನಿಗೆ ಹೋಗು. ಅವಾಗ ನಾ ಆಕೀಗೆ ಹೇಳಲಿಲ್ಲ. ನಿಂಗ ಹೇಳೀನಿ."

ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದೆ. ನರ ಪೂರ್ತಿ ಒತ್ತಿಹೋದಾಗ ನೋವು ನಿಲ್ಲುವುದೂ ಉಂಟು ಎಂದು ಡಾಕ್ಟರಮ್ಮ ಅಂದು ಸಂಜೆ ವಿವರಿಸಿದರು. ನಾನು ಪಾಯಸ ಮಾಡಿದ್ದು ನನ್ನ ಪಾದ ಸಾಯುತ್ತಿದ್ದುದಕ್ಕೆ. ಮೊದಲು ನೋಡಿದ್ದ ಸರ್ಜನ್ನರೇ ಮರುದಿನ ಬೆಳಿಗ್ಗೆ ಆಪರೇಷನ್ ಮಾಡಿದರು. ಸರಳು ಬೇಕಾಗಲಿಲ್ಲ, ಜಾರಿದ ಮೆತ್ತೆ ತೆಗೆದರು. ಇನ್ನು ಕೆಲವು ವಾರ ಕಳೆದು ಬಂದಿದ್ದರೆ ಪಾದದ ಮಾತು ಹೇಳಲಾಗುತ್ತಿರಲಿಲ್ಲ ಎಂದರು. ಎರಡು ತಿಂಗಳು ಬೇಕಾಯಿತು. ಮೊದಲು ಹೆಬ್ಬೆರಳು ಅಲ್ಲಾಡಿತು, ಆಮೇಲೆ ಪಾದ ಎದ್ದಿತು. ಸೊಂಟದಲ್ಲಿ ಇವತ್ತಿಗೂ ಒಂದು ಹಿಡಿತ ಇದೆ. ಅದರ ಬಗ್ಗೆ ನನಗೆ ದೂರಿಲ್ಲ.

ನಡೆಯಬಹುದು ಎಂದು ಡಾಕ್ಟರಮ್ಮ ಹೇಳಿದ ಮೊದಲ ಶನಿವಾರ ಅಕ್ಕನ ಅಂಗಡಿಗೆ ಹೋದೆ. ಬೀಗ ಹಾಕಿತ್ತು. ಮಹಡಿಯ ಮೇಲಿನ ಹೌಸ್ ಓನರಮ್ಮ ಇಳಿದು ಬಂದು, ಮೂರು ವಾರವಾಯಿತು ಎಂದರು. ಮಧ್ಯಾಹ್ನ ಮಿಷನ್ ಸದ್ದು ನಿಂತು ಬಹಳ ಹೊತ್ತಾದರೂ ಶುರುವಾಗದ್ದಕ್ಕೆ ಬಂದು ನೋಡಿದರಂತೆ. ಗೋಡೆಗೆ ಮುಖ ಮಾಡಿ ಕೂತ ಹಾಗೆಯೇ ಹೋಗಿದ್ದರು. ಊರಿನಿಂದ ತಮ್ಮನ ಮಗ ಬಂದು ಕಾರ್ಯ ಮುಗಿಸಿ ಹೋದ. ನಿಮ್ಮದೇನಾದರೂ ಇದ್ದರೆ ತೆಗೆದುಕೊಳ್ಳಿ ಎಂದು ಬೀಗ ತೆಗೆದುಕೊಟ್ಟು ಅವರು ಮೇಲೆ ಹೋದರು.

ಒಳಗೆ ಎಲ್ಲವೂ ಹಾಗೇ ಇತ್ತು. ಹಗ್ಗದ ಮೇಲೆ ನನ್ನ ಗಿಣಿ ಹಸಿರು ರವಿಕೆ, ಅದರ ಪಕ್ಕ ಟೀಚರಿನ ಬೂದು ರವಿಕೆ. ಅದರಾಚೆ ಒಂದು ಬಿಳಿಯ ರವಿಕೆ ಇತ್ತು, ನಾನು ಹಿಂದೆ ಕಂಡಿರಲಿಲ್ಲ. ಅದರ ಭುಜಕ್ಕೆ ಆ ಹಿತ್ತಾಳೆಯ ಟೋಪಿಯನ್ನು ದಾರದಿಂದ ಕಟ್ಟಿತ್ತು. ಬೆಳಕಿಗೆ ಹಿಡಿದು ನೋಡಿದೆ. ಅದು ರವಿಕೆಯ ಆಕಾರದಲ್ಲೇ ಇರಲಿಲ್ಲ. ಎಡಗಡೆ ಮೂರು ಇಂಚು ಇಳಿದಿತ್ತು, ಬಲಗಡೆ ಗೂನಿಗೆಂದು ಉಬ್ಬಿಸಿ ಕತ್ತರಿಸಿತ್ತು. ಮೆತ್ತೆಯ ಮೇಲೆ ಮೆತ್ತೆ. ಇಂಥ ಬೆನ್ನು ಹೊತ್ತವರು ದಿನಕ್ಕೆ ಎಂಟು ಗಂಟೆ ಸ್ಟೂಲಿನ ಮೇಲೆ ಕೂತು ನನ್ನ ಅರ್ಧ ಇಂಚಿಗೆ ಮರುಗಿದ್ದರು. ಒಂಬತ್ತು ವರ್ಷ ಅವರು ನನಗೆ ತೋರಿಸಿದ್ದು ಬೆನ್ನನ್ನೇ. ಸೆರಗಿನ ಕೆಳಗೆ ಏನಿದೆಯೆಂದು ನಾನು ಒಂದು ದಿನವೂ ನೋಡಲಿಲ್ಲ, ಕೇಳಲಿಲ್ಲ. ನನಗೆ ನಾಚಿಕೆಯಾಯಿತು.

ಡ್ರಾಯರಿನಲ್ಲಿ ಪುಸ್ತಕವಿತ್ತು. ಕೊನೆಯ ಹಾಳೆಗೆ ಬಿಳಿ ದಾರದ ಗಂಟು. ತಿಂಗಳು ತಿಂಗಳೂ ಎಡಬೆನ್ನು, ಬಲಬೆನ್ನು. ಕೊನೆಯ ಸಾಲು ಅವರು ಹೋದ ವಾರದ್ದು. ಆ ಸಾಲಿನ ಅಂಕಿಗಳು ಮಾತ್ರ ಅವರ ಗುಂಡಗಿನ ಕನ್ನಡದವಲ್ಲ. ಇಂಗ್ಲಿಷ್ ಅಂಕಿಗಳು, ಒಂದೇ ಕಡೆಗೆ ವಾಲಿದ, ಬೋರ್ಡಿನ ಮೇಲೆ ಬರೆದು ರೂಢಿಯಾದ ಕೈಯ ನೀಟಾದ ಅಂಕಿಗಳು. ಕೈಬರಹ ಹೋಲಿಸಿ ನೋಡುವುದು ನನ್ನ ಕೆಲಸದ ಒಂದು ಭಾಗ. ಇದು ಅಕ್ಕನ ಕೈಯಲ್ಲವೆಂದು ನಾನು ಎಲ್ಲಿ ಬೇಕಾದರೂ ಸಹಿ ಹಾಕಿ ಹೇಳಬಲ್ಲೆ. ಓನರಮ್ಮನನ್ನು ಕೇಳಿದೆ. ಅವರು ಅಳತೆ ತೆಗೆದಿಲ್ಲ, ಯಾರೂ ಬಂದಿದ್ದನ್ನು ನೋಡಿಲ್ಲ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ನನ್ನ ರವಿಕೆಯನ್ನು ಮಾತ್ರ ಇಳಿಸಿಕೊಂಡೆ. ಬಿಳಿಯದನ್ನು ಟೋಪಿಯ ಸಮೇತ ಇದ್ದಲ್ಲೇ ಬಿಟ್ಟೆ. ಯಾರದನ್ನೂ ಬೇರೆಯವರು ಇಳಿಸುವ ಹಾಗಿಲ್ಲ ಎಂದು ಹೇಳಿದವರೇ ಅವರು. ಬಾಗಿಲು ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಮೂರು ಮೆಟ್ಟಿಲು ಇಳಿದೆ. ಎರಡು ಕಾಲೂ ಸಮವಾಗಿ ಬಿದ್ದವು. ಅವರಿದ್ದಾಗ ಅವರ ಹೆಜ್ಜೆಯ ಸದ್ದು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ, ಅವರು ಎದ್ದು ನಡೆದದ್ದನ್ನು ನಾನು ಕಂಡೇ ಇರಲಿಲ್ಲ.

ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಯಾರೂ ಏನೂ ಹೇಳಲಿಲ್ಲ. ಆದರೂ ನಾನು ತಿರುಗಿ ಮೇಲೆ ಹತ್ತಿ, ಅವರಿಗೆ ಕೇಳಿಸಲೆಂದು, ಮತ್ತೊಮ್ಮೆ ನಡೆದೆ.